ಚಂದ್ರಮೋಹನ್ ತಿದ್ದಿದ ಎರೆಹುಳು ಲೇಖನ

ಚಂದ್ರಮೋಹನ್ ಮಂಗಳವಾರ ಬೆಳಿಗ್ಗೆ ಸಿಡ್ನಿಯ ಪ್ಯಾರಮಟ್ಟಾ ಹತ್ತಿರದ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯದ ಕಾಯಿಲೆ. ಅರವತ್ತೊಂದು ವರ್ಷ.

ಮೈಸೂರಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕನಾಗಿದ್ದವನು ೧೯೮೮ರಲ್ಲಿ ಸಿಡ್ನಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ. ಮಕ್ಕಳ ಪ್ರಯೋಗಗಳು ವರ್ಷದ ಕೊನೆಗೆ ಕಸದ ಬುಟ್ಟಿ ಸೇರುವುದನ್ನು ನೋಡಲಾರದೆ ಅವರ ಸಂಶೋಧನೆಗೆಂದೇ ಪುಟ್ಟ ಪತ್ರಿಕೆಯೊಂದನ್ನು ಶುರು ಮಾಡಿದ. ಎಪ್ಪಿಂಗಿನ ಅವನ ಮನೆಯ ಊಟದ ಮೇಜಿನ ಮೇಲೆ ಹೆಂಡತಿ ಅನಸೂಯಾ ಟೈಪ್ ಮಾಡುತ್ತಿದ್ದರು, ಗೆಳೆಯನಾದ ನಾನು ಅಂಚೆಚೀಟಿ ಅಂಟಿಸುತ್ತಿದ್ದೆ. ಅವನು ತಿದ್ದುತ್ತಿದ್ದ. ಕನ್ನಡ ಸಂಘದ ಆಹ್ವಾನ ಪತ್ರಿಕೆಯನ್ನೂ ತಿದ್ದದೆ ಬಿಡದವನೆಂದು ನಾವೆಲ್ಲ ರೇಗಿಸುತ್ತಿದ್ದೆವು.

೧೯೯೬ರಲ್ಲಿ ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಮಹತಿ ಎಂಬ ಹುಡುಗಿಯ ಲೇಖನ ಬಂತು. ಹೊಸ ಬಡಾವಣೆಯ ಮಣ್ಣಿನಲ್ಲೂ ಪಕ್ಕದ ಹಳೆಯ ಹುಲ್ಲುಗಾವಲಿನಲ್ಲೂ ಅಗೆದು ಎರೆಹುಳು ಎಣಿಸಿದ್ದಳು. ನಮ್ಮ ಕಡೆಯ ಮಣ್ಣು ಹುಳುಗಳಿಗೆ ಇಷ್ಟವಿಲ್ಲ ಎಂದು ಬರೆದಿದ್ದಳು. ಚಂದ್ರಮೋಹನ್ ಅದನ್ನು ತನ್ನ ಪಿಎಚ್‌.ಡಿ. ಇಂಗ್ಲಿಷಿನಲ್ಲಿ ಪೂರ್ತಿ ಮತ್ತೆ ಬರೆದು, ಅವಳ ಹೆಸರಿನಲ್ಲಿ ಅಚ್ಚು ಹಾಕಿಸಿದ. ಮೈಸೂರಿನಲ್ಲಿ ಶಿಷ್ಯರಿಗೆ ಹಾಗೇ ಮಾಡುತ್ತಿದ್ದ. ಅಲ್ಲಿ ಅದು ಗುರುವಿನ ಪ್ರೀತಿ.

ಮಹತಿ ಆ ಲೇಖನವನ್ನು ಶಾಲೆಗಳ ಸ್ಪರ್ಧೆಗೆ ಒಯ್ದಳು. ತೀರ್ಪುಗಾರರು ಅದರಲ್ಲಿನ ಒಂದು ವಾಕ್ಯದ ಅರ್ಥ ಕೇಳಿದರೆ ಅವಳಿಗೆ ಹೇಳಲಾಗಲಿಲ್ಲ. ಎಲ್ಲವೂ ದೊಡ್ಡವರು ಮಾಡಿಕೊಟ್ಟದ್ದೆಂದು ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟರು.

ಸುದ್ದಿ ತಿಳಿದ ದಿನವೇ ಅವನು ಮೆಲ್ಬರ್ನಿಗೆ ಬಸ್ಸು ಹತ್ತಿದ. ಭಾಷೆಯಷ್ಟೇ ತನ್ನದೆಂದು ತೀರ್ಪುಗಾರರಿಗೆ ಹೇಳಿದ. ಹಾಗಾದರೆ ಎಣಿಕೆ ಅವಳದೆಂದು ಹೇಗೆ ನಂಬುವುದು ಎಂದು ಅವರು ಕೇಳಿದರು. ಅಲ್ಲಿಂದ ಅವನು ಮಹತಿಯ ಮನೆಗೆ ಹೋದ. ಅವಳು, "ಯು ಡಿಡಂಟ್ ಈವನ್ ಆಸ್ಕ್ ಮಿ, ಅಂಕಲ್" ಎಂದಳಂತೆ. ತನ್ನನ್ನು ಒಂದು ಮಾತು ಕೇಳಲಿಲ್ಲವೆಂಬುದಷ್ಟೇ ಅವಳ ದೂರು.

ವಾಪಸು ಬಂದವನು ಪತ್ರಿಕೆ ನಿಲ್ಲಿಸಿದ. ಸಂಘದ ಯುಗಾದಿಗೂ ಬರಲಿಲ್ಲ. ಕರೆಯಲು ಹೋದರೆ ಬಾಗಿಲಲ್ಲೇ ನಿಂತು, "ಯಾವ ಮುಖ ಇಟ್ಕೊಂಡು ಬರ್ಲೋ? ಅಲ್ಲಿ ಎಲ್ರೂ ಮೇಷ್ಟ್ರೇ ಅಂತಾರೆ. ಮಗು ಕೆಲ್ಸ ನುಂಗಿದೀನಿ ನಾನು" ಎಂದ.

"ಇಂಗ್ಲಿಷ್ ತಿದ್ದಿದೀಯ ಅಷ್ಟೇ, ಬಿಡೋ" ಎಂದೆ. ಬಾಗಿಲು ಹಾಕಿಕೊಂಡ.

ಎರಡು ವರ್ಷ ಹೀಗೇ ಕಳೆಯಿತು. ಹೋದ ತಿಂಗಳು ಮಹತಿಗೆ ಪತ್ರ ಬರೆದು, ಪತ್ರಿಕೆಯ ಇನ್ನೊಂದೇ ಸಂಚಿಕೆ ತಂದು ಅದರಲ್ಲಿ ಅವಳ ಮೂಲ ಬರಹವನ್ನು ಇದ್ದಂತೆಯೇ ಅಚ್ಚು ಹಾಕಲು ಒಪ್ಪಿಗೆ ಬೇಡಿದ. ಹಿಂದಿನದು ತನ್ನ ತಪ್ಪೆಂದು ಮೊದಲ ಪುಟದಲ್ಲೇ ಹೇಳುವುದಾಗಿ ತಿಳಿಸಿದ. ಅವಳು ಒಪ್ಪಿದಳು. ಮುದ್ರಣಾಲಯದಿಂದ ಪ್ರೂಫ್ ಬರುವ ಹೊತ್ತಿಗೆ ಅವನು ಆಸ್ಪತ್ರೆ ಸೇರಿದ್ದ.

ಸೋಮವಾರ ಸಂಜೆ ನಾನು ಪಕ್ಕದಲ್ಲಿದ್ದೆ. ಪ್ರೂಫ್ ಓದುತ್ತ ಓದುತ್ತ ಪೆನ್ನು ಕೇಳಿದ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡಿದ್ದು, ಮೆಲ್ಬರ್ನಿಗೆ ಫೋನ್ ಮಾಡಿಕೊಡು ಎಂದ.

"ಮಹತಿ, ಹುಳಕ್ಕೆ ಇಷ್ಟ ಇಲ್ಲ ಅಂತ ಬರ್ದಿದೀಯಲ್ಲ, ಅದು ಇರ್ಲಾ, ತೆಗೀಲಾ? ನೀನೇ ಹೇಳಮ್ಮ."

ಅವಳೇನೆಂದಳೋ ನನಗೆ ಕೇಳಲಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿ, ಪುಟಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟ.