ಜಿಂಕೆಯ ಮುಂದಿನ ಕೆಂಪು ಹೂವು

ಕೊಸ್ಮಾಚ್ ಊರಿನಲ್ಲಿ ಹಾಫಿಯಾಳ ಹಾಗೆ ಮೊಟ್ಟೆಯ ಮೇಲೆ ಚಿತ್ತಾರ ಬರೆಯುವವರು ಇನ್ನೊಬ್ಬರಿಲ್ಲ ಎಂದು ಜನ ವರ್ಷಗಟ್ಟಲೆ ಹೇಳುತ್ತಿದ್ದರು. ಸುಳ್ಳೇನಲ್ಲ. ಕಡ್ಡಿಯ ತುದಿಗೆ ಕಟ್ಟಿದ ಪುಟ್ಟ ಹಿತ್ತಾಳೆ ಕೊಳವೆಯಲ್ಲಿ ಬಿಸಿ ಜೇನುಮೇಣ ತುಂಬಿಕೊಂಡು, ಹಸಿ ಮೊಟ್ಟೆಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಅವಳು ಗೆರೆ ಎಳೆಯುತ್ತಿದ್ದರೆ ನೋಡುವವರು ಉಸಿರು ಬಿಡುವುದನ್ನೂ ಮರೆಯುತ್ತಿದ್ದರು. ಬಿಳಿ ಉಳಿಯಬೇಕಾದ ಕಡೆ ಮೇಣ ಬಳಿದು ಹಳದಿಯಲ್ಲಿ ಅದ್ದಬೇಕು. ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ, ಆಮೇಲೆ ಕೆಂಪು, ಎಲ್ಲಕ್ಕಿಂತ ಕೊನೆಗೆ ಕಪ್ಪು. ಒಲೆಯ ಬಾಯಿಗೆ ಹಿಡಿದು ಮೇಣ ಕರಗಿಸಿ ಒರೆಸಿದರೆ ಅಡಗಿದ್ದ ಬಣ್ಣಗಳೆಲ್ಲ ಹೊರಗೆ ಬರುತ್ತವೆ. ಅದೇ ಪಿಸಂಕಾ.

ಈಸ್ಟರ್ ಬೆಳಿಗ್ಗೆ ಚರ್ಚಿನಿಂದ ಬಂದ ಕೂಡಲೇ ಅವಳ ಅತ್ತೆ ಒಡೋಕಿಯಾ ಬೋಗುಣಿಯ ನೀರಿನಲ್ಲಿ ಒಂದು ಪಿಸಂಕಾ ಇಡುತ್ತಿದ್ದಳು. ಮನೆಮಂದಿಯೆಲ್ಲ ಆ ನೀರಿನಲ್ಲಿ ಮುಖ ತೊಳೆಯಬೇಕು, ವರ್ಷವಿಡೀ ಮುಖದಲ್ಲಿ ಕಳೆ ಇರುತ್ತದೆ. ಬುಟ್ಟಿಯಲ್ಲಿ ಎಷ್ಟು ಮೊಟ್ಟೆ ಇದ್ದರೇನು, ಬೋಗುಣಿಗೆ ಇಳಿಯುವುದು ಒಂದೇ. ಅದು ಹಾಫಿಯಾ ಬರೆದದ್ದು. ಹೊಗಳಿಕೆ ಎಂಬುದು ಅತ್ತೆಯ ಬಾಯಲ್ಲಿ ಬಂದದ್ದೇ ಇಲ್ಲ. ಆ ಬೋಗುಣಿಯೇ ಹಾಫಿಯಾಳಿಗೆ ಸಿಗುತ್ತಿದ್ದ ಹೊಗಳಿಕೆ. ಅದರ ಮೇಲೆಯೇ ಅವಳು ವರ್ಷ ಕಳೆಯುತ್ತಿದ್ದಳು.

ಆಮೇಲೆ ಮೈದುನ ಮದುವೆಯಾದ. ವಸಿಲಿನಾ ಬಂದಳು.

ಓರಗಿತ್ತಿ ಜಗಳಗಂಟಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ಇವಳು ಮಾತಾಡುವವಳಲ್ಲ, ಎದುರಾಡುವವಳಲ್ಲ, ‘ಅಕ್ಕಾ, ಅಕ್ಕಾ’ ಎಂದು ಹಿಂದೆಯೇ ಸುತ್ತುವವಳು. ಆದರೆ ಮೊಟ್ಟೆ ಹಿಡಿದು ಕೂತಳೆಂದರೆ ಅವಳ ಗೆರೆ ಕೂದಲೆಳೆಯಷ್ಟು ಸಣ್ಣ. ನಡುಕವಿಲ್ಲ, ತಡವರಿಕೆಯಿಲ್ಲ. ಮೊದಲ ಈಸ್ಟರಿಗೇ ಅತ್ತೆ ಇಬ್ಬರ ಮೊಟ್ಟೆಗಳನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ ಹಾಫಿಯಾಳದನ್ನೇ ಇಟ್ಟಳೆನ್ನಿ. ಆದರೆ ಆ ಬಹಳ ಹೊತ್ತು ಇದೆಯಲ್ಲ, ಅದು ಹಾಫಿಯಾಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತುಬಿಟ್ಟಿತು. ಹಿಂದೆಂದೂ ಅತ್ತೆ ಹಾಗೆ ಯೋಚಿಸಿದವಳೇ ಅಲ್ಲ. ಆ ವರ್ಷ ಪೂರ್ತಿ ಓರಗಿತ್ತಿ ಮಾಡಿದ್ದೆಲ್ಲ ಅವಳಿಗೆ ತಪ್ಪಾಗಿ ಕಂಡಿತು. ಹಾಲು ಕರೆದರೆ ನೊರೆ ಕಡಿಮೆ, ರೊಟ್ಟಿ ಸುಟ್ಟರೆ ಸೀದ ವಾಸನೆ. ಗಂಡನ ಹತ್ತಿರ ಹೇಳಿಕೊಂಡರೆ ಅವನು ಕುರಿಗಳ ವಿಷಯ ತೆಗೆಯುತ್ತಿದ್ದ.

ಮರುವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ಕೊನೆಯ ಶನಿವಾರ. ಉಪವಾಸದ ಆ ವಾರಗಳಲ್ಲಿ ಮನೆಯಲ್ಲಿ ಬೆಣ್ಣೆ ಇಲ್ಲ, ಹಾಲಿಲ್ಲ, ಮಾಂಸದ ಮಾತೇ ಇಲ್ಲ. ಮೊಟ್ಟೆ ಬರೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಯಾಕೆಂದರೆ ಜಿಡ್ಡು ಸೋಕಿದ ಚಿಪ್ಪಿಗೆ ಬಣ್ಣ ಹತ್ತುವುದಿಲ್ಲ. ಮರುದಿನ ಚರ್ಚಿಗೆ ಒಯ್ಯುವ ಬುಟ್ಟಿಗಳಿಗೆ ಉಪ್ಪು ಹಾಕಿಟ್ಟ ಹಂದಿಕೊಬ್ಬು ಕೊಯ್ದಿಡುವುದು ಮಾತ್ರ ಹಿರಿಸೊಸೆಯ ಕೆಲಸ. ಹಾಫಿಯಾ ಉಗ್ರಾಣದಲ್ಲಿ ಕೊಬ್ಬು ಕೊಯ್ದು, ಕೈ ತೊಳೆಯಲೆಂದು ಅಡುಗೆಮನೆಗೆ ಬಂದಳು. ವಸಿಲಿನಾ ಹಸು ಕರೆಯಲು ಹೋಗಿದ್ದಳು. ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಅವಳ ಒಂದು ಮೊಟ್ಟೆ ಕೆಂಪಾಗಿ, ಕಪ್ಪು ಬಣ್ಣಕ್ಕಾಗಿ ಕಾಯುತ್ತಿತ್ತು.

ಸುಮ್ಮನೆ ನೋಡಿ ಹೋಗೋಣ ಎಂದುಕೊಂಡೇ ಹಾಫಿಯಾ ಬಗ್ಗಿದ್ದು. ಮೇಣದ ಕೆಳಗೆ ಒಂದು ಜಿಂಕೆ. ಕತ್ತು ಮುಂದೆ ಚಾಚಿ ಹೆಜ್ಜೆ ಎತ್ತಿದೆ. ಅದರ ಮುಂದೆ ಅಗಲವಾದ ಖಾಲಿ ಜಾಗ. ಇಷ್ಟು ಜಾಗ ಖಾಲಿ ಬಿಡುವ ಧೈರ್ಯ ಹಾಫಿಯಾಳಿಗೆ ಜನ್ಮದಲ್ಲಿ ಬಂದಿರಲಿಲ್ಲ. ಅವಳು ಎಲ್ಲವನ್ನೂ ತುಂಬುವವಳು. ನಾಳೆ ಬೋಗುಣಿಗೆ ಇಳಿಯುವುದು ಇದೇ ಎಂದು ನೋಡಿದ ತಕ್ಷಣ ಗೊತ್ತಾಯಿತು, ಮೈಯೆಲ್ಲ ಉರಿದುಹೋಯಿತು. ಕೊಬ್ಬು ಹತ್ತಿದ್ದ ಮೂರು ಬೆರಳನ್ನು ಆ ಖಾಲಿ ಜಾಗಕ್ಕೆ ಒತ್ತಿ, ಕೈ ತೊಳೆಯದೆಯೇ ಹಿತ್ತಲಿಗೆ ಹೋಗಿ ನಿಂತುಕೊಂಡಳು.

ಸಂಜೆ ವಸಿಲಿನಾ ಅತ್ತು ಕೆಂಪಾದ ಕಣ್ಣಿನಲ್ಲೇ ಊಟಕ್ಕೆ ಬಡಿಸಿದಳು. ಏನಾಯಿತೆಂದು ಯಾರೂ ಕೇಳಲಿಲ್ಲ. ಹಾಫಿಯಾ ಹೊಟ್ಟೆ ತುಂಬಾ ಉಂಡಳು.

ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಪಾದ್ರಿಯ ಆಶೀರ್ವಾದಕ್ಕೆಂದು ಬುಟ್ಟಿಗಳನ್ನು ಸಾಲಾಗಿಟ್ಟರು. ವಸಿಲಿನಾ ಆ ಮೊಟ್ಟೆಯನ್ನು ತನ್ನ ಬುಟ್ಟಿಯ ರೊಟ್ಟಿಯ ಕೆಳಗೆ ಬಚ್ಚಿಟ್ಟಿದ್ದಳು. ಬುಟ್ಟಿ ಸರಿಮಾಡಲು ಕೈ ಹಾಕಿದ ಅತ್ತೆ ಅದನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟುಬಿಟ್ಟಳು. ಹೆಂಗಸರು ಮುತ್ತಿಕೊಂಡರು. ಕಪ್ಪು ನೆಲ, ಕತ್ತು ಚಾಚಿದ ಜಿಂಕೆ, ಅದರ ಮುಂದೆ ಮಂಜಿನೊಳಗಿಂದ ಮೂಡಿದಂಥ ಮೂರು ಕೆಂಪು ದಳದ ಒಂದು ಹೂವು. ಇಂಥ ಹೂವು ಮೇಣದಲ್ಲಿ ಹೇಗೆ ಬರುತ್ತದೆ, ಯಾವ ಊರಿನ ಕೈಚಳಕ ಇದು ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ವಸಿಲಿನಾ ತಲೆ ತಗ್ಗಿಸಿಕೊಂಡು ನಿಂತಳು. ಎಷ್ಟು ವಿನಯ ಎಂದು ಅದಕ್ಕೂ ಹೊಗಳಿದರು.

ಹಾಫಿಯಾಳ ಬುಟ್ಟಿಯತ್ತ ಒಬ್ಬರೂ ತಿರುಗಲಿಲ್ಲ. ಕೆಡಿಸಿದ್ದು ಬೆಳಗುತ್ತಿದೆ, ಜೀವ ತೇಯ್ದು ಬರೆದದ್ದು ಮೂಲೆಯಲ್ಲಿದೆ. ಅದನ್ನಾದರೂ ಸಹಿಸಿಯಾಳು. ಆದರೆ ಊರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದ ಹೂವು ಇವಳ ಬೆರಳಿನದು, ಹೆಸರು ಅವಳಿಗೆ! ಮನೆಯ ತನಕ ಅವಳು ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದಳು.

ಅತ್ತೆ ಬೋಗುಣಿಗೆ ನೀರು ತುಂಬಿದಳು. ಈ ಸಲ ಬಹಳ ಹೊತ್ತೇನೂ ನೋಡಲಿಲ್ಲ. ನೇರವಾಗಿ ಜಿಂಕೆಯ ಮೊಟ್ಟೆಯನ್ನು ಎತ್ತಿ ನೀರಿಗೆ ಇಳಿಸಿದಳು.

“ಹೂವು ಚೆನ್ನಾಗಿ ಬಂದಿದೆ ವಸಿಲಿನಾ,” ಎಂದಳು.

ಜನ್ಮದಲ್ಲಿ ಮೊದಲ ಸಲ ಆ ಬಾಯಿಂದ ಹೊಗಳಿಕೆ ಬಂತು, ಬಂದದ್ದು ಓರಗಿತ್ತಿಗೆ. ಹಾಫಿಯಾಳಿಗೆ ನಾಲಗೆ ಹಿಡಿಯಲಾಗಲಿಲ್ಲ.

“ಅವಳು ಬರೆದದ್ದಲ್ಲ ಅತ್ತೆ. ಅದು ನನ್ನ ಬೆರಳು. ನಾನು ಒತ್ತಿದ್ದು.”

ಹೇಳಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ಅರ್ಥವಾದದ್ದು. ಮೈದುನ ಬಾಗಿಲಲ್ಲೇ ನಿಂತುಬಿಟ್ಟ. ಗಂಡ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅತ್ತೆಯ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

“ಗೊತ್ತು ಕಣೇ,” ಎಂದಳು. “ನಿನ್ನೆ ಕೊಬ್ಬು ಮುಟ್ಟಿದವಳು ನೀನೊಬ್ಬಳೇ. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ.”

ಈಗ ವಸಿಲಿನಾ ಬಯ್ಯುತ್ತಾಳೆ, ಗೋಳಾಡುತ್ತಾಳೆ, ಗಂಡನನ್ನು ಎಳೆದುಕೊಂಡು ತವರಿಗೆ ಹೋಗುತ್ತಾಳೆ ಎಂದು ಹಾಫಿಯಾ ಕಾದಳು. ಆದರೆ ವಸಿಲಿನಾ ಹತ್ತಿರ ಬಂದು, ನೀರಿನಲ್ಲಿದ್ದ ಮೊಟ್ಟೆಯನ್ನೂ ಹಾಫಿಯಾಳ ಮುಖವನ್ನೂ ನೋಡಿದಳು.

“ಹಾಗಾದ್ರೆ ನನ್ನ ಬಣ್ಣ ಕೆಟ್ಟಿರ್ಲಿಲ್ವಾ ಅಕ್ಕಾ?” ಎಂದಳು. “ಬಣ್ಣ ಕಾಯಿಸೋದ್ರಲ್ಲಿ ನಾನೇ ಎಡವಿದೆ, ಇನ್ನು ಈ ಕೈಗೆ ಕೆಲಸ ಒಗ್ಗಲ್ಲ ಅಂದ್ಕೊಂಡಿದ್ದೆ.”

ಹಾಫಿಯಾ ಬೋಗುಣಿಯ ಮೇಲೆ ಬಗ್ಗಿದಳು. ತನಗೆ ಹೀಗಾಗಿದ್ದರೆ ತಾನೂ ಮೊದಲು ಕೇಳುತ್ತಿದ್ದದ್ದು ಇದನ್ನೇ. ಹೊಟ್ಟೆಕಿಚ್ಚು ಇನ್ನೂ ಹಾಗೇ ಸುಡುತ್ತಿತ್ತು. ಎರಡು ಸಲ ಮುಖಕ್ಕೆ ನೀರು ಎರಚಿಕೊಂಡು, ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

“ನಿನ್ನ ಬಣ್ಣ ಚೆನ್ನಾಗೇ ಇತ್ತು ಕಣೇ,” ಎಂದಳು. “ಗೆರೆ ನನ್ನದಕ್ಕಿಂತ ಚೆನ್ನಾಗಿತ್ತು.”