ಮೇಲಿನ ಮನೆಯ ಜಾಗಟೆ

ಇವತ್ತು ಸಂಜೆ ಕುಕ್ಕರಿನ ಮುಚ್ಚಳ ಕೈ ಜಾರಿ ನೆಲಕ್ಕೆ ಬಿತ್ತು. ಅದು ಠಣಠಣ ಎಂದು ಸುತ್ತುತ್ತಿದ್ದಂತೆ ನಾನು "ಹಾಓ!" ಎಂದು ಕೂಗಿದೆ. ಹೆಂಡತಿ ಶೈಲಾ ಬೈಯಲಿಲ್ಲ, ನಕ್ಕಳು. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಇದು ರೂಢಿ. ಕಾರಣ ಹೇಳುತ್ತೇನೆ, ಕೂತುಕೊಳ್ಳಿ.

ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನ ನೇರ ಮೇಲೆ ಮೇಯ್ ಎಂಬ ಚೀನೀ ಹೆಂಗಸು ಇದ್ದಾರೆ. ಹಗಲು ಗೋದಾಮಿನ ಆಫೀಸು, ಸಂಜೆ ತಾಯಿಯಿಂದ ಕಲಿತ ಹಳೆಯ ಚೀನೀ ಸಂಗೀತ ನಾಟಕದ ಅಭ್ಯಾಸ. ಆ ಜಾಗಟೆ, ಆ ತಾರಕ ಸ್ವರ ಮೊದಲು ಕೇಳಿದ ದಿನ ನಾನು ವಾಚ್‌ಮನ್‌ಗೆ ದೂರು ಕೊಟ್ಟಿದ್ದೆ. ಆಮೇಲೆ ಲಿಫ್ಟಿನಲ್ಲಿ ಅವರ ಕಿವಿಯ ಹಿಂದೆ ಉಳಿದಿದ್ದ ಕೆಂಪು ಬಣ್ಣ ಕಂಡು ಭಾರಿ ನಾಚಿಕೆಯಾಯಿತು. ನಾನು ಉಡುಪಿಯವನು. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಬಾಯಿಬಿಟ್ಟು ನೋಡುತ್ತಾ ಬೆಳೆದವನು.

ಒಂದು ದಿನ ಮೇಯ್ ಕೆಳಗಿಳಿದು ಬಂದರು. "ಪ್ರದರ್ಶನಕ್ಕೆ ಶಾಲೆಯ ಹಾಲ್ ಸಿಕ್ಕಿದೆ," ಎಂದರು ಇಂಗ್ಲಿಷಿನಲ್ಲಿ. "ನಮ್ಮ ಚೀನೀ ಮಕ್ಕಳಿಗೇ ಇದು ಬೇಡವಾಗಿದೆ. ಈ ಸಲವೂ ಜನಕ್ಕೆ ಹಿಡಿಸದಿದ್ದರೆ ವೇಷದ ಪೆಟ್ಟಿಗೆ ಊರಿಗೆ ಕಳಿಸಿಬಿಡುತ್ತೇನೆ."

ನನಗೆ ಆವೇಶ ಬಂತು. ವಾಟ್ಸಾಪಿನಲ್ಲಿ ಮೂವತ್ತು ಕನ್ನಡಿಗರನ್ನು ಒಟ್ಟು ಮಾಡಿದೆ. ಸುಮ್ಮನಿದ್ದರೆ ಸಾಕಿತ್ತು, ಮಹಾ ತಿಳಿದವನಂತೆ ಸೂಚನೆಯನ್ನೂ ಬರೆದೆ: ಪರದೇಶದ ಕಲೆ, ಕೆಮ್ಮಬಾರದು, ಪಿಸುಗುಡಬಾರದು, ಕೊನೆಗೆ ಮಾತ್ರ ಚಪ್ಪಾಳೆ.

ಗಂಡನನ್ನು ಯುದ್ಧಕ್ಕೆ ಕಳಿಸಿಕೊಡುವ ಹೆಂಡತಿಯಾಗಿ ಮೇಯ್ ರಂಗಕ್ಕೆ ಬಂದರು. ವೇಷದ ಅಂಗಿಯ ಮೊಳದುದ್ದದ ಬಿಳಿ ತೋಳು ಗಾಳಿಯಲ್ಲಿ ಹಾರಿ, ಸುರುಳಿ ಸುತ್ತಿ, ಮಣಿಕಟ್ಟಿಗೆ ಮರಳಿತು. ಒಂದೇ ಉಸಿರಿನಲ್ಲಿ ಸ್ವರ ಎಳೆದರು ನೋಡಿ, ನನ್ನ ಮೈ ಜುಮ್ಮೆಂದಿತು! ಆದರೆ ಹಾಲ್ ನಿಶ್ಶಬ್ದ. ಎರಡನೆಯ ಸಲ ಸ್ವರ ನಡುಗಿತು. ಜಾಗಟೆಯವನು ನಮ್ಮತ್ತ ದಿಗಿಲಿನಿಂದ ನೋಡಿದ. ಅವನಿಗೆ ತೊಂದರೆಯಾಗುತ್ತಿದೆ ಎಂದುಕೊಂಡು ನಾನು ಪಕ್ಕದವರಿಗೆ ಉಸಿರನ್ನೂ ಮೆಲ್ಲಗೆ ಬಿಡಲು ಸನ್ನೆ ಮಾಡಿದೆ!

ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮ ಅತ್ತೆ, ಅಂದರೆ ಶೈಲಾಳ ಅಮ್ಮ, ನನ್ನ ಸೂಚನೆ ಓದಿರಲಿಲ್ಲ. "ಎಂತ ಮಾರಾಯ್ರೆ, ಸಾವಿನ ಮನೆಯಲ್ಲಿ ಕೂತ ಹಾಗೆ ಕೂತದ್ದು?" ಎಂದವರೇ ಎದ್ದು ನಿಂತರು. ಮೇಯ್ ಮೂರನೆಯ ಸಲ ತೋಳು ಎಸೆದರು.

"ಭಲೇ! ಭಲೇ ಮಗಳೇ!"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನ ಚೀನೀ ಮುದುಕರೊಬ್ಬರು "ಹಾಓ!" ಎಂದು ಗುಡುಗಿದರು. ಇನ್ನೊಬ್ಬರು ಕೂಗಿದರು. ಫೋನ್ ನೋಡುತ್ತಿದ್ದ ಅವರ ಹುಡುಗ ಹುಡುಗಿಯರೂ ಕೂಗಿದರು. ಮೇಯ್ ಎಳೆದ ಸ್ವರ ಈಗ ಮುಗಿಯಲೇ ಇಲ್ಲ!

ಪ್ರದರ್ಶನ ಮುಗಿದ ಮೇಲೆ ಅರ್ಧ ತೊಳೆದ ಮುಖದಲ್ಲೇ ಮೇಯ್ ಬಂದು ಅತ್ತೆಯ ಕೈ ಹಿಡಿದುಕೊಂಡರು. "ಹಾಓ ಅಂದರೆ ಚೆನ್ನಾಗಿದೆ ಅಂತ. ನಮ್ಮಲ್ಲಿ ಹಾಡಿನ ನಡುವೆಯೇ ಅದನ್ನು ಕೂಗಬೇಕು. ಯಾರೂ ಕೂಗದಿದ್ದರೆ ಆಟ ಕೆಟ್ಟಿತು ಅಂತಲೇ ಅರ್ಥ. ಮುಂದಿನ ಸಾಲುಗಳು ಕಲ್ಲಿನಂತೆ ಕೂತದ್ದು ನೋಡಿ ನಮ್ಮ ಹಿರಿಯರೂ ಸಂಕೋಚದಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಬಿಟ್ಟಿದ್ದೆ."

ಅತ್ತೆ ನನ್ನತ್ತ ನೋಡಿದರು. "ನಮ್ಮ ಅಕ್ಕನ ಗಂಡ ಸಿಡುಕು ಮನುಷ್ಯ, ಆದ್ರೂ ಯಕ್ಷಗಾನದ ಆಟಕ್ಕೆ ಹೋದ್ರೆ ಬೊಬ್ಬೆ ಹಾಕ್ತಿದ್ರು. ನೀವು ಓದಿದವರಿಗೆ ಎಂತ ಆಯ್ತು?"

ಇವತ್ತು ಬಿದ್ದ ಕುಕ್ಕರಿನ ಮುಚ್ಚಳ ಎತ್ತಿಟ್ಟೆ. ಮೇಲಿನ ಮನೆಯಲ್ಲಿ ಜಾಗಟೆ ಶುರುವಾಯಿತು. ಆ ದಿನ ಫೋನ್ ಕೆಳಗಿಟ್ಟು ಕೂಗಿದ್ದ ಹುಡುಗಿಯೊಬ್ಬಳು ಈಗ ಮೇಯ್ ಬಳಿ ಕಲಿಯುತ್ತಾಳೆ. ಅವಳ ಸ್ವರ ಏರಿ, ಅಲ್ಲಾಡಿ, ಒಡೆದು ನಿಂತಿತು. ನಾನು ಬಾಲ್ಕನಿಗೆ ಓಡಿ ಕತ್ತು ಹೊರಹಾಕಿ ಹೊಟ್ಟೆಯಾಳದಿಂದ ಕೂಗಿದೆ, "ಹಾಓ! ಭಲೇ!"

ಕೆಳಗೆ ವಾಚ್‌ಮನ್ ತಲೆಯೆತ್ತಿ ನೋಡಿದ. ಈ ಸಲ ದೂರು ನನ್ನ ಮೇಲೆಯೇ ಬಂದೀತು, ಬರಲಿ. ಮೇಲೆ ಹುಡುಗಿ ಅದೇ ಸ್ವರವನ್ನು ಮತ್ತೆ ಎತ್ತಿಕೊಂಡಿದ್ದಳು.