ಗೊಂಬೆ ಮಲಗಿಸುವ ಹಾಡಿನ ಮೂರನೇ ನುಡಿ

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಜಯನಗರದ ನಮ್ಮ ಮನೆಯ ಹಾಲಿನೊಳಗೆ ಬಿಸಿಲು ಓರೆಯಾಗಿ ಬರುತ್ತದೆ. ಆಗ ಒಂದು ಡಿವಿಡಿಯನ್ನು ಕೈಯಲ್ಲಿ ಹಿಡಿದರೆ ಚಾವಣಿಯ ಮೇಲೆ ಪುಟ್ಟ ಕಾಮನಬಿಲ್ಲೊಂದು ಓಡಾಡುತ್ತದೆ. ಕೈ ಸ್ವಲ್ಪ ಅಲುಗಿದರೆ ಅದು ಫ್ಯಾನಿನ ಮೇಲೆ, ಕ್ಯಾಲೆಂಡರಿನ ಮೇಲೆ, ಅಲ್ಲಿಂದ ಜಾರಿ ಕುರ್ಚಿಯಲ್ಲಿ ತೂಕಡಿಸುತ್ತಿರುವ ನಮ್ಮನೆಯವರ ಬೋಳುತಲೆಯ ಮೇಲೆ. ಹೋದ ನವರಾತ್ರಿಗೆ ಮುಂಚಿನ ಎರಡು ವಾರ ನಾನು ಹೆಚ್ಚುಕಡಿಮೆ ಈ ಕಾಮನಬಿಲ್ಲಿನ ಸಹವಾಸದಲ್ಲೇ ಕಳೆದೆ. ಎಪ್ಪತ್ತು ದಾಟಿದವಳು ನಾನು. ಡಿವಿಡಿ ಕಾಪಿ ಮಾಡುವುದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಲ್ಯಾಪ್‌ಟಾಪಿನ ಮುಂದೆ ಕೂತು ಹುಡುಕುತ್ತಿದ್ದೆ.

ಇದಕ್ಕೆ ಕಾರಣ ನನ್ನ ನಾದಿನಿ. ನಮ್ಮನೆಯವರ ತಂಗಿ, ಚಿಕ್ಕಲಸಂದ್ರದಲ್ಲಿದ್ದಾಳೆ. ಮೂರು ವರ್ಷದಿಂದ ಅವಳ ಕಿವಿ ಮಂದವಾಗುತ್ತ ಬಂದಿದೆ. ಹಿಯರಿಂಗ್ ಏಡ್ ಹಾಕಿಕೊಂಡರೆ ಜಗತ್ತೆಲ್ಲ ಒಂದು ದೊಡ್ಡ ಮಿಕ್ಸಿಯ ಹಾಗೆ ಕೇಳಿಸುತ್ತದಂತೆ, ಅದಕ್ಕೇ ಅದು ಅವಳ ಬ್ಯಾಗಿನಲ್ಲೇ ಇರುತ್ತದೆ. ಈಗೀಗ ನಾವು ಮಾತನಾಡಿದರೆ ಅವಳು ನಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾಳೆ. ಮೊದಮೊದಲು ನನ್ನ ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸೊಪ್ಪೇನಾದರೂ ಸಿಕ್ಕಿದೆಯೋ ಎಂದು ನನಗೆ ಮುಜುಗರವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಒಂದು ದಿನ ಊಟಕ್ಕೆ ಬಂದವಳು ಕೈ ತೊಳೆಯುತ್ತ, ಏನೂ ದೊಡ್ಡ ವಿಷಯವಲ್ಲ ಎಂಬಂತೆ ಕೇಳಿದಳು.

"ಅತ್ತಿಗೆ, ಈ ಸಲ ಗೊಂಬೆ ಮಲಗಿಸೋವಾಗ ಅಮ್ಮನ ಹಾಡು ಹಾಕ್ತೀರಾ? ಕಿವಿ ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ಕೇಳ್ಬಿಡ್ಬೇಕು. ಮೂರನೇ ನುಡಿ ನಂಗೆ ಮರ್ತೇ ಹೋಗಿದೆ."

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲ ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ಮರದ ರಾಜ, ರಾಣಿ. ಅವೇ ಪಟ್ಟದ ಗೊಂಬೆಗಳು. ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ರಾಣಿಯನ್ನು ಮೆಲ್ಲಗೆ ಮಲಗಿಸಿದರೆ ಹಬ್ಬ ಮುಗಿದಂತೆ. ಬೇರೆ ಮನೆಗಳಲ್ಲಿ ಸುಮ್ಮನೆ ಮಲಗಿಸುತ್ತಾರೋ ಏನೋ. ನಮ್ಮ ಅತ್ತೆ ಮಾತ್ರ ಅದಕ್ಕೊಂದು ಜೋಗುಳ ಹಾಡುತ್ತಿದ್ದರು. ಅವರ ತಾಯಿಯಿಂದ ಬಂದದ್ದು, ಮೂರು ನುಡಿ, ಯಾವ ಪುಸ್ತಕದಲ್ಲೂ ಇಲ್ಲ. ವರ್ಷವಿಡೀ ಒಂದು ರಾಗವನ್ನೂ ಗುನುಗದ ಹೆಂಗಸು, ಆ ಒಂದು ಸಂಜೆ ಬಾಯಿ ಬಿಡುತ್ತಿದ್ದರು. ಅವರು ಹೋದ ಮೇಲೆ ಮೊದಲೆರಡು ನುಡಿಗಳನ್ನು ನಾದಿನಿ ಹೇಳುತ್ತ ಬಂದಿದ್ದಾಳೆ. ಮೂರನೆಯದು ಬರುವ ಹೊತ್ತಿಗೆ ತಡವರಿಸಿ, "ಇತ್ಯಾದಿ ಇತ್ಯಾದಿ" ಎಂದು ನಕ್ಕು, ಗೊಂಬೆಯನ್ನು ಮಲಗಿಸಿಬಿಡುತ್ತಾಳೆ.

ನಾನು ಆ ಹಾಡನ್ನು ಕಲಿಯಬಹುದಿತ್ತು. ಅತ್ತೆ ಎಷ್ಟು ಸಲ ಕರೆದಿದ್ದರು. ಮದುವೆಯಾಗಿ ಬಂದ ಮೊದಲ ನವರಾತ್ರಿಯಲ್ಲಿ, ಬಂದ ಹೆಂಗಸರೆಲ್ಲ ಗೊಂಬೆಯ ಮುಂದೆ ಒಂದೊಂದು ಹಾಡು ಹೇಳಿ ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಿದ್ದಾಗ, ಹೊಸ ಸೊಸೆಯನ್ನೂ ಹಾಡು ಎಂದರು. ನನಗೆ ಗೊತ್ತಿದ್ದದ್ದು ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಸಿಸ್ಟರ್‌ಗಳು ಕಲಿಸಿದ ಏಸುವಿನ ಇಂಗ್ಲಿಷ್ ಹಿಮ್‌ಗಳು ಮಾತ್ರ. ಕಣ್ಣು ಮುಚ್ಚಿ, ಕೈ ಜೋಡಿಸಿ, ಅದರಲ್ಲೇ ಒಂದನ್ನು ಪೂರ್ತಿ ಹಾಡಿಬಿಟ್ಟೆ. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಮಾತ್ರ ತಣ್ಣಗೆ, "ರಾಗ ಚೆನ್ನಾಗಿದೆ. ನಾಳೆಯಿಂದ ದೇವರಿಗೆ ಅರ್ಥವಾಗೋ ಭಾಷೇಲಿ ಒಂದು ಕಲಿಸ್ತೀನಿ" ಎಂದಿದ್ದರು. ಆ ನಾಳೆಯನ್ನು ನಾನು ವರ್ಷ ವರ್ಷ ಮುಂದೂಡಿದೆ. ಮಕ್ಕಳ ಎಕ್ಸಾಮ್, ನನ್ನ ಸ್ಕೂಲಿನ ಕೆಲಸ, ನೆಕ್ಸ್ಟ್ ಇಯರ್ ಅತ್ತೆ, ಪ್ರಾಮಿಸ್. ಅವರಿಗೆ ಪ್ರಾಮಿಸ್ ಎಂಬ ಶಬ್ದದ ಅರ್ಥ ಚೆನ್ನಾಗಿ ಗೊತ್ತಾಗಿಹೋಗಿತ್ತು.

ಒಂದೇ ಒಂದು ನವರಾತ್ರಿಗೆ, ಪರಿಚಯದ ಮದುವೆ ವೀಡಿಯೋದವರೊಬ್ಬರು ಕ್ಯಾಮೆರಾ ಹಿಡಿದು ಬಂದಿದ್ದರು. ಅತ್ತೆಯ ಹಾಡು ಉಳಿದಿದ್ದರೆ ಅದರಲ್ಲಿ ಮಾತ್ರ. ಆ ಕ್ಯಾಸೆಟ್ಟನ್ನು ಮುಂದೆ ಯಾವಾಗಲೋ ಡಿವಿಡಿಗೆ ಹಾಕಿಸಿ, ಮನೆಯ ಇನ್ನಿತರ ಡಿವಿಡಿಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೆ. ಈಗ ಡಿವಿಡಿ ಪ್ಲೇಯರ್ ಕೆಟ್ಟು ಕೂತಿದೆ. ಹೊಸ ಟಿವಿಗೆ ಪೆನ್ ಡ್ರೈವ್ ಚುಚ್ಚುವ ತೂತು ಮಾತ್ರ ಇದೆ. ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ತಿಲಕ್ ನಗರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಿಂದ, ಹೊರಗಿನಿಂದ ವೈರ್ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದನ್ನು ತಂದೆ. ಅಂಗಡಿ ನಡೆಸುವವಳು ನಲವತ್ತರ ಹೆಂಗಸು. ಸಾಫ್ಟ್‌ವೇರ್ ಮಾತ್ರ ನೀವೇ ನೋಡಿಕೊಳ್ಳಬೇಕು ಆಂಟಿ, ಫ್ರೀ ಅಂತ ಬರೆದದ್ದನ್ನೆಲ್ಲ ನಂಬಬೇಡಿ ಎಂದು ಎಚ್ಚರಿಸಿ ಕಳಿಸಿದಳು.

ಅವಳ ಮಾತು ನಿಜವಾಯಿತು. ಮೊದಲು ಹಾಕಿಕೊಂಡದ್ದು ನೋಡಲು ಭಾರಿ ಚೆಂದ, ಮದುವೆ ಮಂಟಪದ ಹಾಗೆ ತುಂಬ ಬಟನ್‌ಗಳು. ನಮ್ಮ ಗೃಹಪ್ರವೇಶದ ಡಿಸ್ಕನ್ನು ಹಾಕಿ ಪರೀಕ್ಷೆ ಮಾಡಿದೆ. ಐದು ನಿಮಿಷ ಕಾಪಿ ಮಾಡಿತು, ಹಸು ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ಮಿಕ್ಕದ್ದು ಬೇಕಾದರೆ ಕೊಂಡುಕೊಳ್ಳಿ ಎಂದಿತು. ಎರಡನೆಯದು ಹೆಚ್ಚು ಮಾತಿನದಲ್ಲ. ಡಿಸ್ಕಿನಲ್ಲಿರುವುದನ್ನು ಪೆನ್ ಡ್ರೈವಿಗೆ ಒಪ್ಪುವ ಒಂದು ಸಣ್ಣ ಫೈಲಾಗಿ ಮಾಡಿಕೊಡುತ್ತಿತ್ತು. ಗೃಹಪ್ರವೇಶ ಅರ್ಧ ಗಂಟೆಯಲ್ಲಿ ತಯಾರಾಯಿತು. ಹಸು ದಾಟಿತು, ಹಾಲು ಉಕ್ಕಿತು. ನಾನು ಗೆದ್ದೆ ಎಂದುಕೊಂಡೆ.

"ಅಮ್ಮ ಹಾಡು ಕಲಿ ಅಂದಾಗ ಕಲೀಲಿಲ್ಲ. ಈಗ ಸಾಫ್ಟ್‌ವೇರ್ ಕಲೀತಾಳಂತೆ," ಎಂದರು ನಮ್ಮನೆಯವರು ಕಣ್ಣು ತೆರೆಯದೆ.

ಅತ್ತೆಯ ಡಿಸ್ಕ್ ಹಾಕಿದೆ. ಅದೂ ಬೇಗ ಮುಗಿಯಿತು, ಅನುಮಾನ ಬರುವಷ್ಟು ಬೇಗ. ನೋಡಿದರೆ ಅತ್ತೆ ರಾಣಿಗೊಂಬೆಯನ್ನು ಎತ್ತಿಕೊಂಡರು, ಮೊದಲ ನುಡಿಗೆ ಬಾಯಿ ತೆರೆದರು, ಮುಖ ಚೌಕ ಚೌಕವಾಗಿ ಒಡೆಯಿತು, ಮರುಕ್ಷಣ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಓದಲಾಗದ ಕಡೆ ಹಾರಿ ಮುಂದೆ ಹೋಗುವುದು ಆ ಸಾಫ್ಟ್‌ವೇರಿನ ಗುಣವಂತೆ. ಹಾರಿದ್ದೇನೆ ಎಂದು ಒಂದು ಮಾತನ್ನೂ ಅದು ಹೇಳಿರಲಿಲ್ಲ.

ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ತಿಲಕ್ ನಗರಕ್ಕೆ ಹೋದೆ. ಅಂಗಡಿಯವಳು ಅದನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಉಗುರಿನ ತುದಿಯನ್ನು ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು.

"ಆಂಟಿ, ಇದೇನಿದು, ಕುಂಕುಮಾನಾ?"

ಹೌದು, ಕುಂಕುಮ. ಆಯುಧಪೂಜೆಯ ದಿನ ಮನೆಯ ಕತ್ತರಿ, ಹೊಲಿಗೆ ಮೆಷಿನ್, ಸ್ಕೂಟರ್, ಫ್ರಿಜ್ ಎಲ್ಲಕ್ಕೂ ನಾವು ಗಂಧ ಕುಂಕುಮ ಇಡುತ್ತೇವೆ. ಬೇರೆ ಡಿಸ್ಕ್‌ಗಳನ್ನು ನಾನು ಮುಟ್ಟಿದವಳಲ್ಲ. ಆದರೆ ಇದು ಅತ್ತೆ ಇರುವ ಡಿಸ್ಕು. ಗೋಡೆಯ ಮೇಲಿನ ಅವರ ಫೋಟೋಗೆ ಇಡುವ ಹಾಗೆ, ಪ್ರತಿವರ್ಷ ಇದನ್ನೂ ಹೊರಗೆ ತೆಗೆದು, ಒದ್ದೆ ಗಂಧದ ಮೇಲೆ ಒಂದು ಬೊಟ್ಟು ಕುಂಕುಮ ಇಡುತ್ತಿದ್ದೆ. ಮುತ್ತೈದೆಯಾಗಿಯೇ ಹೋದವರು. ಹೆಸರು ಬರೆದ ಕಡೆ ಬೆನ್ನು, ಕನ್ನಡಿಯ ಹಾಗೆ ಹೊಳೆಯುವ ಕಡೆಯೇ ಮುಖ ಎಂದು ನನ್ನ ಲೆಕ್ಕ. ಮಾರನೆಯ ದಿನ ಸೆರಗಿನ ತುದಿಯಿಂದ ಗುಂಡಗೆ ಉಜ್ಜಿ ಒಳಗಿಡುತ್ತಿದ್ದೆ. ಒಣಗಂಧದ ಹರಳು ಎಷ್ಟು ವರ್ಷ ಅವರ ಮುಖದ ಮೇಲೆ ಗೀರು ಹಾಕಿತ್ತೋ.

ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಅವರ ಮನೆಯಲ್ಲೂ ಲ್ಯಾಪ್‌ಟಾಪ್ ಕೀಬೋರ್ಡಿಗೆ ಅರಿಶಿನ ಹಾಕಿ ಒಂದು ಅಕ್ಷರವೇ ಒತ್ತಲಾಗದಂತೆ ಮಾಡಿಕೊಂಡಿದ್ದಾರೆ ಎಂದು ಸಮಾಧಾನ ಹೇಳಿ, ಮಾಡಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಹತ್ತಿ ಬಟ್ಟೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ಉಜ್ಜಲೇಬಾರದು. ಇನ್ನು ಸಾಫ್ಟ್‌ವೇರ್. ಬೇಗ ಮುಗಿಸುತ್ತೇನೆ ಅನ್ನುವುದು ಬೇಡವಂತೆ. ಮೊದಲು ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಒಂದು ಫೈಲಾಗಿ ಎತ್ತಿಟ್ಟುಕೊಳ್ಳುವಂಥದ್ದು, ಓದಲಾಗದ ಕಡೆ ಹಾರದೆ ಹಿಂದಕ್ಕೆ ಬಂದು ಮತ್ತೆ ಮತ್ತೆ ಓದುವಂಥದ್ದು ಬೇಕಂತೆ. ಟಿವಿಗೆ ಬೇಕಾದ ಸಣ್ಣ ಫೈಲನ್ನು ಆಮೇಲೆ ಅದರಿಂದಲೇ ನಿಧಾನವಾಗಿ ಮಾಡಿಕೊಳ್ಳಬಹುದು.

"ತುಂಬಾ ಸ್ಲೋ ಆಂಟಿ ಅದು. ಕೆಟ್ಟುಹೋಯ್ತು ಅಂದ್ಕೊಂಡು ಆಫ್ ಮಾಡ್ಬಿಡ್ಬೇಡಿ."

ಅಂಥದ್ದೊಂದನ್ನು ಹುಡುಕಿ ಹಾಕಿಕೊಂಡೆ. ಅದು ನೋಡಲು ಏನೂ ಚೆಂದವಿರಲಿಲ್ಲ. ಬೂದು ಬಣ್ಣದ ಒಂದು ಕಿಟಕಿ, ಹಸಿರು ಚೌಕಗಳ ಸಾಲು. ಡಿಸ್ಕನ್ನು ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿ ಒಳಗಿಟ್ಟೆ. ಚೌಕಗಳು ಒಂದೊಂದಾಗಿ ತುಂಬುತ್ತ ಹೋದವು. ಆಮೇಲೆ ಓದಲಾಗದ ಒಂದು ಚೌಕ ಹಳದಿಗೆ ತಿರುಗಿತು, ಡ್ರೈವ್ ಕೊರ್‍ರೆಂದಿತು, ತಡೆಯಿತು, ಮತ್ತೆ ಕೊರ್‍ರೆಂದಿತು. ಒಂದು ದಿನ ಪೂರ್ತಿ ಹೀಗೆ. ಎರಡನೆಯ ದಿನವೂ. ನಾನು ಪಕ್ಕದಲ್ಲೇ ಕೂತು ಉಸಲಿಗೆ ಕಡಲೆಕಾಳು ಆರಿಸಿದೆ, ಗೊಂಬೆಗಳ ಧೂಳು ಒರೆಸಿದೆ, ಆ ಸದ್ದಿಗೆ ಜೋಂಪು ಹತ್ತಿ ಅಲ್ಲೇ ನಿದ್ದೆ ಹೋದೆ. ಅರೆನಿದ್ದೆಯಲ್ಲಿ ಆ ಕೊರಕೊರ ಅತ್ತೆ ಬೆಳಿಗ್ಗೆ ಎದ್ದು ಒರಳು ತಿರುಗಿಸುವ ಸದ್ದಾಯಿತು. ಏಳಬೇಕು, ಹೋಗಿ ಹತ್ತಿರ ಕೂರಬೇಕು ಅನ್ನಿಸಿತು. ಅವರು ಅಷ್ಟು ಸಲ ಕರೆದಿದ್ದೂ ಹೀಗೇ ಅಲ್ಲವೇ, ಬೇಸರವಿಲ್ಲದೆ, ಮತ್ತೆ ಮತ್ತೆ. ಕಣ್ಣು ಬಿಟ್ಟಾಗ ಹಳದಿ ಚೌಕಗಳಲ್ಲಿ ನಾಲ್ಕೋ ಐದೋ ಉಳಿದಿದ್ದವು. ಮಿಕ್ಕದ್ದೆಲ್ಲ ಹಸಿರು.

ಹಾಡು ಸಿಕ್ಕಿತು. ಒಬ್ಬಳೇ ಕೂತು ನೋಡಿದೆ. ಕ್ಯಾಮೆರಾದವರು ಅತ್ತೆಯ ಮುಖವನ್ನು ಎಷ್ಟು ಹತ್ತಿರಕ್ಕೆ ತಂದಿದ್ದರೆಂದರೆ ಮೂಗುಬೊಟ್ಟಿನ ಹೊಳಪೂ ಕಾಣುತ್ತಿತ್ತು. ಮೊದಲ ನುಡಿ ಬಂತು. ಎರಡನೆಯದು ಬಂತು. ಮೂರನೆಯದು ಶುರುವಾಗುತ್ತಿದ್ದಂತೆ ಪಕ್ಕದಿಂದ, ಮೈಕಿಗೆ ತೀರ ಹತ್ತಿರದಿಂದ, ಒಂದು ಹೆಣ್ಣುದನಿ ಗಟ್ಟಿಯಾಗಿ ಎದ್ದಿತು. "ಎಕ್ಸ್‌ಕ್ಯೂಸ್ ಮಿ ಎವೆರಿಬಡಿ, ಕಾಫಿ ಆರಿಹೋಗ್ತಿದೆ, ಉಸಲಿ ಬಿಸಿಯಾಗಿದೆ, ಪ್ಲೀಸ್ ಎಲ್ಲಾರೂ ಬನ್ನಿ." ಯಾರ ಮನೆಯ ಕೂಗುಮಾರಿಯಿದು ಎಂದುಕೊಳ್ಳುವಷ್ಟರಲ್ಲಿ ಗೊತ್ತಾಯಿತು. ನಾನೇ. ನನ್ನ ಮಾತು ಮುಗಿಯುವ ಹೊತ್ತಿಗೆ ಅತ್ತೆಯ ನುಡಿಯೂ ಮುಗಿದಿತ್ತು.

ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದೆನೋ. ಯಾವ ಸಾಫ್ಟ್‌ವೇರಿಗೂ ಮಾಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆ ಜಾಗದಲ್ಲಿ ಡಿಸ್ಕ್ ನೆಟ್ಟಗೇ ಇತ್ತು, ಅಡ್ಡ ಬಂದದ್ದು ನನ್ನ ದನಿ. ನಾದಿನಿಗೆ ಏನು ಹೇಳಲಿ ಎಂದು ನಮ್ಮನೆಯವರನ್ನು ಕೇಳಿದೆ. ಡಿಸ್ಕೇ ಓಡಲಿಲ್ಲ ಅಂತ ಹೇಳಿಬಿಡು, ಹೇಗೂ ಅವಳಿಗೆ ಸರಿಯಾಗಿ ಕೇಳಿಸುವುದಿಲ್ಲ ಎಂದರು. ತಮಾಷೆಗೆ ಶುರು ಮಾಡಿದ ಮಾತು ಕೊನೆಗೆ ಬರುವಾಗ ಅವರ ದನಿ ಸಣ್ಣಗಾಗಿತ್ತು. ಅವರ ಅಮ್ಮ ಕೂಡ ಅಲ್ಲವೇ.

ವಿಜಯದಶಮಿಯ ಸಂಜೆ ನಾದಿನಿ ರೇಷ್ಮೆ ಸೀರೆ ಉಟ್ಟು, ಆ ಮಿಕ್ಸಿ ಸದ್ದಿನ ಹಿಯರಿಂಗ್ ಏಡನ್ನೂ ಕಿವಿಗೆ ಹಾಕಿಕೊಂಡು ಬಂದಳು. ಅದನ್ನು ನೋಡಿದ ಮೇಲೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಅವಳ ಎದುರು ನಿಂತು, ತುಟಿ ಕಾಣುವ ಹಾಗೆ, ಕುಂಕುಮದ ಕತೆ, ಕಾಫಿಯ ಕೂಗು ಎರಡನ್ನೂ ಹೇಳಿದೆ. ಆರತಿಯಾಯಿತು. ಪೆನ್ ಡ್ರೈವ್ ಹಾಕಿದೆ. ಟಿವಿಯ ತುಂಬ ಅತ್ತೆಯ ಮುಖ ಬಂದಾಗ ನಮ್ಮನೆಯವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾದಿನಿ ಮಾತ್ರ ಎದ್ದು ಹೋಗಿ ಟಿವಿಯ ಮುಂದೆ, ಮಕ್ಕಳು ಕೂರುವಷ್ಟು ಹತ್ತಿರ, ನೆಲದ ಮೇಲೆ ಕೂತಳು.

ಮೂರನೇ ನುಡಿಯ ಮೇಲೆ ನನ್ನ ದನಿ ಅಬ್ಬರಿಸಿತು. ನಾನು ತಲೆ ತಗ್ಗಿಸಿದೆ.

"ಇನ್ನೊಂದ್ಸಲ ಹಾಕಿ."

ಹಾಕಿದೆ.

"ಸೌಂಡ್ ಪೂರ್ತಿ ತೆಗೆದ್ಬಿಡಿ ಅತ್ತಿಗೆ, ಅದೇ ಅಡ್ಡ ಬರ್ತಿದೆ."

ತೆಗೆದೆ. ದನಿಯಿಲ್ಲದ ಅತ್ತೆ ಹಾಡಿದರು. ನಾದಿನಿ ಅವರ ಬಾಯನ್ನೇ ನೋಡುತ್ತ ತನ್ನ ತುಟಿಯನ್ನೂ ಅಲುಗಿಸುತ್ತಿದ್ದಳು. ಮೂರು ವರ್ಷದಿಂದ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಅವಳು ಮಾಡಿಕೊಂಡು ಬಂದದ್ದೇ ಅದು. ನಾಲ್ಕನೆಯ ಸಲವೋ ಐದನೆಯ ಸಲವೋ, ಅವಳ ತುಟಿಯಿಂದ ದನಿಯೂ ಬಂತು.

"ಹಳೆ ಸೀರೆ ಹಾಸೀನಿ, ಹಾಯಾಗಿ ಮಲಗೇ. ಬರುವ ವರುಷ ನಾನಿಲ್ದಿದ್ರೆ, ಸೊಸೆ ಬಂದು ಎಬ್ಬಿಸ್ಯಾಳು."

ಅವಳು ತಿರುಗಿ ನನ್ನತ್ತ ನೋಡಿದಳು. ಅವಳು ಮಗಳು. ಆ ನುಡಿಯಲ್ಲಿ ಮಗಳಿಗೆ ಜಾಗವಿರಲಿಲ್ಲ. ಅದನ್ನು ತುಟಿಯಿಂದ ಓದಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ, ತಿಳಿಯಲಿಲ್ಲ ಎಂದು ಎದ್ದುಬಿಟ್ಟಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮೆಟ್ಟಿಲಿನ ಮೇಲಿಂದ ರಾಣಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು.

ನನ್ನ ಕೈಯಲ್ಲಿ ಗೊಂಬೆ ಬೆಚ್ಚಗಿತ್ತು, ದೀಪದ ಪಕ್ಕದಲ್ಲಿದ್ದದ್ದಕ್ಕೋ ಏನೋ. ನಾದಿನಿ ಎರಡು ನುಡಿ ಹೇಳಿದಳು. ಮೂರನೆಯದನ್ನು ನಾನು ಶುರು ಮಾಡಿದೆ. ರಾಗ ಎಲ್ಲೋ ಕಾನ್ವೆಂಟಿನ ಕಡೆಗೆ ವಾಲಿತು. ನಮ್ಮನೆಯವರು ಕೆಮ್ಮಿದರು, ನಗುವನ್ನು ಮುಚ್ಚಿಕೊಳ್ಳುವುದಕ್ಕೋ ಇನ್ನೇನಕ್ಕೋ. ನಾನು ನಾಚಿಕೊಂಡು ಬೇಗ ಬೇಗ ಮುಗಿಸಲು ಹೋದೆ. ನಾದಿನಿ ನನ್ನ ಗಲ್ಲವನ್ನು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಓಡ್ಬೇಡಿ ಅತ್ತಿಗೆ. ನಿಧಾನಕ್ಕೆ ಹೇಳಿ, ತುಟಿ ಕಾಣ್ಲಿ."